‘ನೋಡಲಿಲ್ಲ’ ಎಂದು ಬರೆದವನು

ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಅವಳು ಗಾಜಿನ ವರ್ಕ್‌ಶಾಪಿಗೆ ನುಗ್ಗಿದಾಗ ಅವನು ನೆಮ್ಮದಿಯಾಗಿ ಟೀ ಕುಡಿಯುತ್ತಿದ್ದ. ಅವಳು ಸಂಶೋಧಕಿಯಾಗಿದ್ದ ಸಂಸ್ಥೆಗೆ ಬೇಕಾದ ಗಾಜಿನ ಕೊಳವೆಗಳನ್ನೆಲ್ಲ ಬೆಂಕಿಯಲ್ಲಿ ಊದಿ ಮಾಡಿಕೊಡುವವನು ಅವನೇ.

"ಏನ್ರೀ ಇದು? ನಾನು ಕೇಳಿದ್ದು ನೇರ ಕೊಳವೆ. ಇದಕ್ಕೆ ಬಾಲ ಯಾಕಿದೆ?"

ಅವನು ಅವಳೇ ಕೊಟ್ಟಿದ್ದ ಚಿತ್ರವನ್ನು ಮುಂದೆ ಹಿಡಿದ. ಅವಳ ಪೆನ್ಸಿಲ್ ಗೆರೆಯ ತುದಿಯಿಂದ ನೇರಳೆ ಬಣ್ಣದ ಸುರುಳಿಯೊಂದು ಹೊರಟಿತ್ತು. ಕ್ರೇಯಾನ್!

"ಬಣ್ಣ ಬೇರೆ ಹಾಕಿದ್ರಲ್ಲ ಮೇಡಂ, ತುಂಬಾ ಮುಖ್ಯವಾದ ಭಾಗ ಇರ್ಬೇಕು ಅಂತ ಎರಡು ದಿನ ಒದ್ದಾಡಿ ಮಾಡ್ದೆ."

ಅವಳ ಕಿವಿ ಬಿಸಿಯಾಯಿತು. ಬಾಲ ಎಳೆದವಳು ಅವಳ ನಾಲ್ಕು ವರ್ಷದ ಮಗಳು. ನಾಲಿಗೆ ಚುರುಕೆಂದು ಮನೆಯಲ್ಲಿ ಮಗುವಿಗೆ ಮೆಣಸು ಎಂದೇ ಹೆಸರು. ಸಂಸ್ಥೆಯಲ್ಲಿ ಮಾತ್ರ ಅವಳು ಮೆಣಸಿನ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಹಿಂದಿನ ಲ್ಯಾಬಿನಲ್ಲಿ, "ತಾಯಂದಿರ ಮನಸ್ಸೆಲ್ಲ ಮನೇಲೇ ಇರುತ್ತೆ" ಎಂದು ನಗುನಗುತ್ತಲೇ ಅವಳ ಕೆಲಸವನ್ನು ಬೇರೆಯವರ ಕೈಗಿಟ್ಟಿದ್ದರು. ಗಂಡನೋ, "ಹಾಗಾದ್ರೆ ಲ್ಯಾಬನ್ನೇ ಕಟ್ಕೋ" ಎಂದು ಹೊರಟುಹೋಗಿ ಮೂರು ವರ್ಷವಾಗಿತ್ತು.

"ನನಗೆ ಮಗಳಿದ್ದಾಳೆ. ಯಾರಿಗೂ ಹೇಳ್ಬೇಡಿ," ಎಂದಳು ಮೆಲ್ಲಗೆ.

"ನಾನ್ಯಾಕೆ ಹೇಳ್ಲಿ? ಮಗು ಗೀಚಿದ್ದನ್ನ ವಿಜ್ಞಾನ ಅಂದ್ಕೊಂಡೋನು ನಾನು. ಮರ್ಯಾದೆ ಹೋಗೋದು ನಂದೇ."

ನಗಬಾರದೆಂದುಕೊಂಡರೂ ನಕ್ಕುಬಿಟ್ಟಳು. ಅವನು ಆ ನಗುವನ್ನೇ ನೋಡುತ್ತ ಕೂತ, ಟೀ ಆರಿಹೋಯಿತು.

ಆಮೇಲೆ ಅವಳು ಕೇಳಿದ ಸಾಮಾನನ್ನು ಅವನೇ ಲ್ಯಾಬಿಗೆ ತಂದುಕೊಡತೊಡಗಿದ. ಎರಡು ನಿಮಿಷದ ಕೆಲಸಕ್ಕೆ ಇಪ್ಪತ್ತು ನಿಮಿಷ ತಗಲುತ್ತಿತ್ತು. ಅವಳಿಗೂ ಅದು ಗೊತ್ತಾಗುತ್ತಿತ್ತು. ಗೊತ್ತಾದಾಗಲೆಲ್ಲ ಎದೆ ಮೊದಲು ಹಗುರಾಗಿ, ಮರುಕ್ಷಣವೇ ಢವಢವ ಎನ್ನುತ್ತಿತ್ತು.

ಆ ಬುಧವಾರ ಎಂಟು ಗಂಟೆಗಳ ಪ್ರಯೋಗ ನಡೆದಿತ್ತು. ಗಾಜಿನ ಪೆಟ್ಟಿಗೆಯೊಳಗೆ ಎಳೆಯ ಸಸಿಗಳು. ಬಿಸಿ ಏರಿದಂತೆ ಅವು ಹೇಗೆ ಉಸಿರಾಡುತ್ತವೆಂದು ಹತ್ತು ನಿಮಿಷಕ್ಕೊಮ್ಮೆ ಅಳೆಯಬೇಕು. ತಾನಾಗಿ ಬರೆದುಕೊಳ್ಳುವ ಯಂತ್ರ ಆ ವಾರವೇ ಕೆಟ್ಟು ಕೂತಿತ್ತು. ಶುಕ್ರವಾರ ವರದಿ ಒಪ್ಪಿಸದಿದ್ದರೆ ಯೋಜನೆ ಅಲ್ಲಿಗೇ ನಿಲ್ಲುತ್ತಿತ್ತು. ಬೇರೆ ಸಸಿ ಬೆಳೆಸಲು ಸಮಯವಿರಲಿಲ್ಲ.

ಮಧ್ಯಾಹ್ನ ಎರಡಕ್ಕೆ ಡೇಕೇರಿನಿಂದ ಫೋನ್ ಬಂತು. ಮೆಣಸಿಗೆ ಜೋರು ಜ್ವರ, ಎರಡು ಸಲ ವಾಂತಿ.

ಅವಳು ಸಸಿಗಳನ್ನು ನೋಡಿದಳು, ಬಾಗಿಲನ್ನು ನೋಡಿದಳು. ಕೊಳವೆಯ ಸಂದು ಸರಿಪಡಿಸಲು ಬಂದಿದ್ದ ಅವನು ಎದ್ದು ನಿಂತ.

"ಹೋಗಿ. ನಾನು ಬರೀತೀನಿ."

"ಇದನ್ನ ಇದುವರೆಗೆ ಯಾರ ಕೈಗೂ ಕೊಟ್ಟಿಲ್ಲ..."

"ಮೀಟರಿನ ಮುಳ್ಳು ಎಲ್ಲಿದೆ ಅಂತ ನೋಡೋದು, ಬರೆಯೋದು. ಅಷ್ಟೇ ತಾನೇ? ಮಗು ಕಾಯ್ತಿದೆ, ಹೋಗಿ."

ಕ್ಲಿನಿಕ್ಕಿನ ಬೆಂಚಿನ ಮೇಲೆ ಮೆಣಸು ಅವಳ ಕುತ್ತಿಗೆಗೆ ಬಿಸಿ ಕೆನ್ನೆ ಒತ್ತಿಕೊಂಡು ಮಲಗಿತ್ತು. ಅಲ್ಲಿ ಕೂತರೆ ಸಸಿಗಳ ಚಿಂತೆ. ಸಸಿಗಳ ಚಿಂತೆ ಬಂತಲ್ಲ ಎಂದು ತನ್ನ ಮೇಲೇ ಕೋಪ. ಇಂಜೆಕ್ಷನ್ ಆಗಿ ಜ್ವರ ಇಳಿಯತೊಡಗಿದ ಮೇಲೆ, ಮಗುವನ್ನು ಹೆಗಲಿಗೆ ಹಾಕಿಕೊಂಡೇ ಲ್ಯಾಬಿಗೆ ಓಡಿದಳು. ಈಗ ಯಾರು ನೋಡಿದರೂ ನೋಡಲಿ.

ಅವನು ಪೆಟ್ಟಿಗೆಯ ಮುಂದೆ ಕದಲದೆ ಕೂತಿದ್ದ. ಪುಸ್ತಕದಲ್ಲಿ ದುಂಡನೆಯ ಅಂಕಿಗಳು. ಮೂರೂವರೆಯ ಹತ್ತಿರ ಮಾತ್ರ ಎರಡು ಕಡೆ ಅಂಕಿಯಿಲ್ಲ, ‘ನೋಡಲಿಲ್ಲ’ ಎಂದಷ್ಟೇ ಇತ್ತು.

"ಎಲ್ಲಿ ಹೋಗಿದ್ರಿ?" ಅವಳ ದನಿ ಏರಿತು.

"ಗೇಟಿಗೆ." ಅವನು ತಲೆ ತಗ್ಗಿಸಿದ. "ನೀವು ಬಂದ್ರಾ ಅಂತ. ಮಗೂಗೆ ಏನಾಯ್ತೋ ಅಂತ ಕೂರೋಕಾಗ್ಲಿಲ್ಲ. ತಪ್ಪಾಯ್ತು."

"ಅಕ್ಕಪಕ್ಕದ ಅಂಕಿ ನೋಡಿ ಸುಮ್ನೆ ಏನಾದ್ರೂ ತುಂಬಿಸಬಹುದಿತ್ತು. ನನಗೆ ಗೊತ್ತೇ ಆಗ್ತಿರ್ಲಿಲ್ಲ."

"ಹೇಗೆ ತುಂಬಿಸ್ಲಿ? ನಾನು ನೋಡೇ ಇಲ್ವಲ್ಲ!"

ಹೆಗಲ ಮೇಲಿಂದ ಮೆಣಸು ಒಂದು ಕಣ್ಣು ತೆರೆದು ಕೇಳಿತು, "ಅಮ್ಮಾ, ಈ ಮಾಮನಿಗೆ ಯಾಕೆ ಬೈತಿದ್ದೀಯ?"

ಬೈಗುಳವಾಗಿರಲಿಲ್ಲ ಅದು. ಅವಳು ಮಗುವಿನ ಹಣೆ ಮುಟ್ಟಿ ನೋಡಿ, ಅವನ ಪಕ್ಕದಲ್ಲೇ ಕೂತಳು.

ಶುಕ್ರವಾರ ವಿಭಾಗದ ಮುಖ್ಯಸ್ಥರು ಆ ಎರಡು ಖಾಲಿ ಜಾಗದ ಮೇಲೆ ಬೆರಳಿಟ್ಟರು. ಯಂತ್ರ ಕೆಟ್ಟಿತ್ತೆನ್ನಬಹುದಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ.

"ನನ್ನ ಮಗಳಿಗೆ ಜ್ವರ ಬಂದಿತ್ತು ಸರ್. ಕರ್ಕೊಂಡು ಬರೋಕೆ ಹೋಗಿದ್ದೆ."

ಅವರು ಕನ್ನಡಕ ತೆಗೆದು ಒರೆಸಿದರು. ಅವಳಿಗೆ ಆ ಒರೆಸಾಟ ಮುಗಿಯುವುದೇ ಇಲ್ಲವೆನ್ನಿಸಿತು. "ಮಿಕ್ಕ ಅಂಕಿಗಳು ಗಟ್ಟಿಯಾಗಿವೆ. ಒಂದು ವರ್ಷ ಮುಂದುವರಿಸಿ. ಆಮೇಲೆ ನೋಡೋಣ."

ಕೇಳಿದ್ದು ಮೂರು ವರ್ಷ. ಆದರೂ ಮೆಟ್ಟಿಲಿಳಿಯುವಾಗ ಕಾಲು ತಾನಾಗಿ ವರ್ಕ್‌ಶಾಪಿನತ್ತ ತಿರುಗಿತು.

ಅವನು ಬೆಂಕಿಯಲ್ಲಿ ಗಾಜು ತಿರುಗಿಸುತ್ತಿದ್ದ. "ಒಂದ್ನಿಮಿಷ ಮೇಡಂ, ಕೈ ನಿಲ್ಲಿಸಿದ್ರೆ ಜೋತುಬೀಳುತ್ತೆ."

"ನಿಲ್ಲಿಸ್ಬೇಡಿ. ನೀವು ನನ್ನ ಕಡೆ ನೋಡಿದ್ರೆ ನನಗೆ ಹೇಳೋಕಾಗಲ್ಲ." ಅವಳು ಉಸಿರೆಳೆದುಕೊಂಡಳು. "ನನಗೆ ದಿನಾ ಭಯ ಆಗುತ್ತೆ. ಮಗಳಿಗೂ ಸಾಲಲ್ಲ, ಕೆಲಸಕ್ಕೂ ಸಾಲಲ್ಲ ನಾನು. ಇದರ ಮಧ್ಯೆ ನಿಮಗೆ ಏನು ತಂದುಕೊಡ್ಲಿ?"

"ತಂದುಕೊಡಿ ಅಂದೋರು ಯಾರು? ಹೊರೋಕೆ ಇನ್ನೆರಡು ಕೈ ಇದೆ ಅಂತ ಇಟ್ಕೊಳ್ಳಿ."

ಅವಳು ಬ್ಯಾಗಿನಿಂದ ಮಡಿಸಿದ ಹಾಳೆಯೊಂದನ್ನು ತೆಗೆದಳು. "ಡೇಕೇರಿನ ಫಾರಂ. ಮಗೂನ ಕರ್ಕೊಂಡು ಹೋಗೋಕೆ ಇನ್ಯಾರು ಬರ್ತಾರೆ ಅಂತ ಬರೀಬೇಕು. ನಿಮ್ಮ ಹೆಸರು ಬರೆದಿದ್ದೀನಿ. ಬೇಡ ಅಂದ್ರೆ ಹೊಡೆದುಹಾಕ್ತೀನಿ."

ಅವನ ಕೈ ನಿಂತಿತು. ಬೆಂಕಿಯಲ್ಲಿ ಗಾಜು ಜೇನಿನಂತೆ ಜೋತುಬಿತ್ತು. ಅವನು ನೋಡಲೇ ಇಲ್ಲ.

"ಪಕ್ಕದಲ್ಲಿ ‘ಸಂಬಂಧ’ ಅಂತಿದೆಯಲ್ಲ," ಎಂದ, ಹಾಳೆಯತ್ತ ಬಾಗಿ. "ಅಲ್ಲೇನು ಬರೆದ್ರಿ?"

ಅವಳು ಪೆನ್ನಿನ ಮುಚ್ಚಳ ತೆಗೆದು, ಅವನ ಮೇಜಿನ ಮೇಲೆಯೇ ಹಾಳೆಯಿಟ್ಟು, ತಲೆಯೆತ್ತದೆ ಬರೆದಳು: ನಮ್ಮವರು.