ಎರಡು ಸಲ ಹೇಳುವ ಸಾಲು

ಗ್ಯಾರೇಜ್ ಬಾಗಿಲ ಸ್ಪ್ರಿಂಗನ್ನು ಕಬ್ಬಿಣದ ಸರಳು ತೂರಿಸಿ ಸುತ್ತಿ ಬಿಗಿಮಾಡುವಾಗ ಅಣ್ಣ ಅಂಕಿ ಎಣಿಸುತ್ತಿರಲಿಲ್ಲ; ಸುತ್ತಿಗೊಂದು ಸಾಲಿನಂತೆ ದೇವರ ಪದ ಹಾಡುತ್ತಿದ್ದ. ಕೊನೆಯ ಸಾಲು ಮಾತ್ರ ಎರಡು ಸಲ.

"ಎರಡನೇದು ಸುತ್ತೋಕಲ್ಲ ಕಣೇ, ಪಕ್ಕಕ್ಕೆ ಸರಿಯೋಕೆ. ಸರಳು ಹಾರಿದ್ರೆ ನಿನ್ನ ಚೆಂದದ ಮೂಗು ಎಲ್ಲಿಂದ ತರಲಿ?" ಎನ್ನುತ್ತಿದ್ದ.

ಅವನು ತೀರಿಕೊಂಡ ಮೇಲೆ ಮೊದಲ ಸಲ ಒಬ್ಬಳೇ ಕೆಲಸಕ್ಕೆ ಹೋದೆ. ಹಾಡು ಅವನದು, ನಾನು ಹಾಡಲಿಲ್ಲ. ತುಟಿ ಬಿಚ್ಚದೆ ಸುತ್ತಿದೆ. ಕೊನೆಯ ಸುತ್ತಿನಲ್ಲಿ, ಉರಿಬಿಸಿಲಲ್ಲೂ ಕೈಯಲ್ಲಿನ ಸರಳು ತಣ್ಣಗೆ ಕೊರೆಯತೊಡಗಿತು. ನನ್ನ ಎಡಭುಜ ಮಾತ್ರ ಯಾರೋ ಅಂಗೈ ಇಟ್ಟಂತೆ ಬೆಚ್ಚಗಿತ್ತು. ಪಕ್ಕಕ್ಕೆ ಸರಿದೆ. ಸರಳು ಚಿಮ್ಮಿ, ನನ್ನ ಮುಖವಿದ್ದ ಜಾಗವನ್ನು ಹಾದು ಗೋಡೆಗೆ ಬಡಿಯಿತು.

ಮನೆಯಾಕೆ ಓಡಿಬಂದರು.

"ನಿಮಗೇನೂ ಆಗಿಲ್ಲ ತಾನೇ? ಹಾಡ್ತಿದ್ದವರೆಲ್ಲಿ? ಈಗಷ್ಟೇ ಕೊನೇ ಸಾಲು ಎರಡು ಸಲ ಹೇಳಿದ್ರಲ್ಲ."