ಎಲ್ಲದಕ್ಕೂ ಆರು

“ಇನ್ನೊಂದ್ಸಲ ನೋಡೇ. ಕೆಳಗಿಂದ ಮೇಲಕ್ಕೆ ನೋಡು,” ಎಂದಳು ವಿಹ್ರಾ.

ದೆನಿತ್ಸಾ ಕೆಳಗಿನಿಂದ ಮೇಲಕ್ಕೂ ನೋಡಿದಳು. ಲೈಬ್ರರಿ, ಹಾಡು, ಪಾಠ ಎಲ್ಲ ನಡೆಯುವ ಊರಿನ ಓದುಮನೆಯ ಬಾಗಿಲಿಗೆ ಅಂಟಿಸಿದ್ದ ಹಾಳೆಯಲ್ಲಿ ಹನ್ನೆರಡು ಹೆಸರುಗಳಿದ್ದವು. ಅವಳ ಹೆಸರು ಅದರಲ್ಲಿ ಇರಲಿಲ್ಲ. ಆದರೆ ಮೊದಲ ಸಾಲಿನಲ್ಲೇ ಅವಳಿಗೆ ಚೆನ್ನಾಗಿ ಗೊತ್ತಿದ್ದ ಒಂದು ಹೆಸರಿತ್ತು. ಸ್ತೊಯ್ನಾ ಪೆತ್ಕೊವಾ.

“ಇದು ನಿಮ್ಮಜ್ಜಿ ಅಲ್ವಾ?”

“ಹೂಂ.”

“ಅಂದ್ರೆ ನಿಮ್ಮಜ್ಜಿ ಪಾಸು, ನೀನು ಫೇಲು.” ವಿಹ್ರಾ ನಗು ತಡೆಯಲು ಜಾಕೆಟ್ಟಿನ ಕಾಲರನ್ನು ಬಾಯಿಗೆ ಒತ್ತಿಕೊಂಡಳು. “ಅಜ್ಜಿಗೆ ಟಿವಿ ರಿಮೋಟೇ ಬರಲ್ಲ ಅಂತ ನೀನೇ ಹೇಳಿದ್ದೆ.”

“ಸುಮ್ನಿರೇ. ಏನೋ ತಪ್ಪಾಗಿದೆ.”

“ನಿನ್ನ ಬೆಕ್ಕುಗಳ ಗತಿ ಏನೀಗ?”

ತಮ್ಮ ಬೀದಿಯ ಹದಿನಾಲ್ಕು ಬೆಕ್ಕುಗಳ ಬಗ್ಗೆ ಒಂದು ವೆಬ್‌ಸೈಟ್ ಮಾಡುತ್ತೇನೆ, ಹೊಸ ವರ್ಷದ ಹೊತ್ತಿಗೆ ಎಲ್ಲರೂ ನೋಡಬಹುದು ಎಂದು ದೆನಿತ್ಸಾ ಇಡೀ ಕ್ಲಾಸಿಗೆ ಹೇಳಿಬಿಟ್ಟಿದ್ದಳು. ಓದುಮನೆಯಲ್ಲಿ ‘ಇಂಟರ್ನೆಟ್ ತಂತ್ರಜ್ಞಾನ: ಮೊದಲ ಪಾಠಗಳು’ ಎಂಬ ಕೋರ್ಸ್ ಶುರುವಾಗುವುದನ್ನೇ ಕಾಯುತ್ತಿದ್ದಳು.

ಹನ್ನೊಂದು ವರ್ಷ ತುಂಬಿದ ಯಾರು ಬೇಕಾದರೂ ಸೇರಬಹುದಿತ್ತು. ಆದರೆ ಕಂಪ್ಯೂಟರುಗಳು ಇದ್ದದ್ದು ಹನ್ನೆರಡೇ. ಹಾಗಾಗಿ ಕಳೆದ ಗುರುವಾರ ಬಂದವರಿಗೆಲ್ಲ ಒಂದು ಫಾರಂ ಕೊಟ್ಟಿದ್ದರು. ಈ ಕೋರ್ಸಿಗೆ ನೀವು ತಯಾರಿದ್ದೀರಾ ಎಂದು ತಿಳಿಯಲು ಹದಿನೈದು ಪ್ರಶ್ನೆ. ಪ್ರತಿಯೊಂದಕ್ಕೂ ಒಂದರಿಂದ ಆರರವರೆಗೆ ತಮಗೆ ತಾವೇ ಮಾರ್ಕ್ಸ್ ಹಾಕಿಕೊಳ್ಳಬೇಕು.

ಅವರ ಶಾಲೆಯಲ್ಲಿ ಆರೇ ಎಲ್ಲಕ್ಕಿಂತ ಮೇಲಿನ ಮಾರ್ಕ್ಸ್; ಅದು ಬಂದರೆ ಅಮ್ಮ ನೆಂಟರಿಗೆಲ್ಲ ಫೋನ್ ಮಾಡಿ ಹೇಳುತ್ತಿದ್ದಳು. ಎರಡು ಬಂದರೆ ಫೇಲು. ಒಂದನ್ನಂತೂ ಯಾವ ಟೀಚರೂ ಕೊಡುತ್ತಿರಲಿಲ್ಲ. ದೆನಿತ್ಸಾ ಪ್ರಶ್ನೆಗಳ ಮೇಲೆ ಕಣ್ಣಾಡಿಸಿ, ಒಂದೇ ಉಸಿರಿಗೆ ಹದಿನೈದು ಆರು ಬರೆದಿದ್ದಳು.

ಆಗಲೇ ಅಜ್ಜಿ ಮಹಡಿಯಿಂದ ಹಾಡಿನ ಪ್ರಾಕ್ಟೀಸ್ ಮುಗಿಸಿಕೊಂಡು ಇಳಿದು ಬಂದದ್ದು. “ನೀವೂ ಒಂದು ಫಾರಂ ತುಂಬಿ ಅಮ್ಮಾ,” ಎಂದು ಲೈಬ್ರರಿ ನೋಡಿಕೊಳ್ಳುವ ನೆವೆನಾ ಆಂಟಿ ಕೊಟ್ಟರು. ಅಜ್ಜಿ ಕನ್ನಡಕ ಹಾಕಿಕೊಂಡು ಅರ್ಧ ಗಂಟೆ ಕೂತು ತುಂಬಿದಳು. ದೆನಿತ್ಸಾ ಇಣುಕಿ ನೋಡಿದ್ದಳು.

“ಎಲ್ಲದಕ್ಕೂ ಎರಡಾ ಅಜ್ಜಿ?”

“ಬರದೆ ಇರೋದಕ್ಕೆ ಇನ್ನೇನು ಬರೀಲಿ? ಒಂದು ಬರೆದ್ರೆ ತೀರಾ ಅವಮಾನ.”

ಆ ಎರಡುಗಳ ಅಜ್ಜಿಗೆ ಜಾಗ ಸಿಕ್ಕಿತ್ತು.

*

ದೆನಿತ್ಸಾ ಮನೆಗೆ ಬಂದಾಗ ಅಂಗಳದ ತುಂಬ ಸುಟ್ಟ ಮೆಣಸಿನಕಾಯಿಯ ಘಮ. ಅಕ್ಟೋಬರ್ ಬಂತೆಂದರೆ ಬೀದಿಯ ಪ್ರತಿ ಮನೆಯಲ್ಲೂ ಇದೇ ಕೆಲಸ. ಕೆಂಪು ದಪ್ಪ ಮೆಣಸಿನಕಾಯಿಯನ್ನು ಮೂಟೆಗಟ್ಟಲೆ ತಂದು, ಸುಟ್ಟು, ಸಿಪ್ಪೆ ಸುಲಿದು, ಚಳಿಗಾಲಕ್ಕೆಂದು ಗಾಜಿನ ಜಾಡಿಗಳಲ್ಲಿ ತುಂಬಿಡುವುದು. ಅಜ್ಜಿ ಮಧ್ಯಾಹ್ನದಿಂದ ಒಂದೇ ಸ್ಟೂಲಿನ ಮೇಲೆ ಕೂತಿದ್ದಳು. ಅವಳ ಬೆರಳುಗಳು ಕೆಂಪಾಗಿದ್ದವು.

“ನೋಡ್ದೆ,” ಎಂದಳು ಅಜ್ಜಿ, ದೆನಿತ್ಸಾ ಬಾಯಿ ತೆರೆಯುವ ಮೊದಲೇ. “ನಿನ್ನ ಹೆಸರು ಇಲ್ಲ.”

“ನಿನ್ನದಿದೆ.”

“ನಂಗ್ಯಾಕೆ ಕೊಟ್ರೋ.” ಅಜ್ಜಿ ಒಂದು ಮೆಣಸಿನಕಾಯಿ ಎತ್ತಿಕೊಂಡಳು. “ನಾಳೆ ಹೋಗಿ ನನ್ನ ಹೆಸರು ತೆಗೆಸ್ತೀನಿ. ಆ ಜಾಗ ಮೊಮ್ಮಗಳಿಗೆ ಕೊಡಿ ಅಂತೀನಿ.”

“ಹಾಗೆಲ್ಲ ಕೊಡಲ್ಲ ಅಜ್ಜಿ.”

“ಕೊಡ್ತಾರೆ. ಹಿಂದೆ ಒಂದ್ಸಲ ಕೊಟ್ಟಿದಾರೆ.”

“ಯಾವಾಗ?”

“ನಾನು ಕಾಲುಚೀಲದ ಫ್ಯಾಕ್ಟರೀಲಿದ್ದಾಗ. ಮೆಷಿನ್ ರಿಪೇರಿ ಕಲಿಸೋಕೆ ಸಂಜೆ ಸ್ಕೂಲು ಮಾಡಿದ್ರು. ಲಿಸ್ಟಿನಲ್ಲಿ ನನ್ನ ಹೆಸರೂ ಬಂತು. ನಿಮ್ಮಪ್ಪ ಆಗ ಆರು ತಿಂಗಳ ಕೂಸು. ಯಾರು ನೋಡ್ಕೋಬೇಕು? ಹೋಗಿ ಹೆಸರು ಹೊಡೆಸಿ ಬಂದೆ. ಪಕ್ಕದ ಮೆಷಿನ್ನಿನ ಹುಡುಗೀಗೆ ಸಿಕ್ತು.”

“ಬೇಜಾರಾಗ್ಲಿಲ್ವಾ?”

“ಬೇಜಾರು ಮಾಡ್ಕೊಳ್ಳೋಕೆ ಟೈಮ್ ಎಲ್ಲಿತ್ತು?”

ಸಿಪ್ಪೆ ಒಂದೇ ಎಳೆತಕ್ಕೆ ನೀಟಾಗಿ ಬಂತು. ಅಜ್ಜಿ ಅದನ್ನು ಬಕೆಟ್ಟಿಗೆ ಹಾಕಿ ಇನ್ನೊಂದನ್ನು ಎತ್ತಿಕೊಂಡಳು. ದೆನಿತ್ಸಾ ನಾಲ್ಕು ಸುಲಿದಳು. ಐದನೆಯದು ಬೆರಳು ಸುಟ್ಟಿತೆಂದು ಬಿಟ್ಟುಬಿಟ್ಟಳು.

ಬೇಲಿಯಾಚೆಯಿಂದ ಪಕ್ಕದ ಮನೆಯ ಗಿನಾ ಕೂಗಿದಳು. “ಏನೇ ಸ್ತೊಯ್ನಾ, ಬೆಳಿಗ್ಗೆ ಓದುಮನೆ ಮುಂದೆ ನೀನು ಮೂರು ಸಲ ಹೋದೆ, ಮೂರು ಸಲ ಬಂದೆ. ಏನು ಕಳ್ಕೊಂಡಿದ್ದೆ?”

“ಏನೂ ಇಲ್ಲಮ್ಮ. ಬ್ರೆಡ್ ತರೋಕೆ ಹೋಗಿದ್ದೆ.”

ಬ್ರೆಡ್ ಅಂಗಡಿ ಇರುವುದು ಅವರ ಬೀದಿಯ ತುದಿಯಲ್ಲೇ. ಓದುಮನೆ ಸೇತುವೆಯ ಆಚೆ. ದೆನಿತ್ಸಾ ಅಜ್ಜಿಯ ಮುಖ ನೋಡಿದಳು. ಅಜ್ಜಿ ತಲೆ ಎತ್ತಲಿಲ್ಲ.

*

ಮರುದಿನ ಶನಿವಾರ. ಅಜ್ಜಿ ಜಾಡಿಗಳನ್ನು ಕುದಿಯುವ ನೀರಿಗೆ ಇಳಿಸುತ್ತಿದ್ದಾಗಲೇ ದೆನಿತ್ಸಾ ಓದುಮನೆಗೆ ಓಡಿದಳು. ತನ್ನನ್ನು ಯಾಕೆ ತೆಗೆದುಕೊಳ್ಳಲಿಲ್ಲ ಎಂದು ಅವಳಿಗೆ ಗೊತ್ತಾಗಲೇಬೇಕಿತ್ತು.

“ನಾನು ಎಲ್ಲದಕ್ಕೂ ಆರು ಹಾಕಿದ್ದೆ ಆಂಟಿ.”

“ನಾನೇನು ಮಾಡ್ಲಿ ಪುಟ್ಟಾ? ಇಲ್ಲಿ ನೋಡು.” ನೆವೆನಾ ಆಂಟಿ ಡ್ರಾಯರಿನಿಂದ ಫಾರಮ್ಮಿನ ಮೂಲ ಪ್ರತಿ ತೆಗೆದರು. “ಕಂಪ್ಯೂಟರ್ ಕೊಟ್ಟ ಜರ್ಮನಿಯವರೇ ಈ ಫಾರಮ್ಮನ್ನೂ ನಮ್ಮ ಭಾಷೆಗೆ ಮಾಡಿಸಿ ಕಳಿಸಿದ್ರು. ಜೊತೆಗೆ ಬಂದ ಪತ್ರದಲ್ಲಿ, ಹೆಸರಿನ ಮೇಲೆ ಕಾಗದ ಮುಚ್ಚಿ ಮಾರ್ಕ್ಸ್ ಕೂಡಿಸಿ, ಮೊತ್ತ ಕಡಿಮೆ ಬಂದವರನ್ನ ತಗೊಳ್ಳಿ ಅಂತ ಬರೆದಿದೆ. ಬರದೇ ಇರೋರಿಗೆ ಮೊದಲು ಕಲಿಸ್ಬೇಕು ಅಂತ ಇರ್ಬೇಕು ಅನ್ಕೊಂಡೆ. ನಿನ್ನದು ತೊಂಬತ್ತು. ನಿಮ್ಮಜ್ಜೀದು ಮೂವತ್ತು.”

ದೆನಿತ್ಸಾ ಹಾಳೆಯನ್ನು ತಿರುವಿದಳು. ಹಿಂದೆಯೂ ಅಚ್ಚಾಗಿತ್ತು. ಎರಡೇ ಸಾಲು, ಸಣ್ಣ ಅಕ್ಷರ.

“ಆಂಟಿ, ಇದನ್ನ ನಮಗೆ ಕೊಡ್ಲಿಲ್ಲ.”

“ಯಾವುದನ್ನ?”

ದೆನಿತ್ಸಾ ಓದಿದಳು. “ಒಂದು ಅಂದರೆ ತುಂಬಾ ಚೆನ್ನಾಗಿ ಬರುತ್ತದೆ. ಆರು ಅಂದರೆ ಸ್ವಲ್ಪವೂ ಬರುವುದಿಲ್ಲ.”

ನೆವೆನಾ ಆಂಟಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮತ್ತೆ ಹಾಕಿಕೊಂಡರು.

“ಅಯ್ಯೋ ದೇವರೇ. ಜೆರಾಕ್ಸ್ ಮಾಡುವಾಗ ಹಿಂದಿನ ಪುಟ ಬಿಟ್ಟೇಬಿಟ್ಟೆ. ಅವರ ಸ್ಕೂಲುಗಳಲ್ಲಿ ಒಂದೇ ಮೇಲು ಕಣೇ. ನನ್ನ ತಂಗಿ ಮಗ ಅಲ್ಲೇ ಓದೋದು. ಲೆಕ್ಕದಲ್ಲಿ ಒಂದು ಬಂತು ಅಂತ ಫೋನ್ ಮಾಡಿದ್ದ. ನಾನು ಅಳಬೇಡ ಮರಿ, ಮುಂದಿನ ಸಲ ನೋಡ್ಕೊಳ್ಳೋಣ ಅಂದಿದ್ದೆ.”

“ಹಾಗಾದ್ರೆ ನಾನು?”

“ನೀನೇ ಫಸ್ಟು. ನೀವೆಲ್ಲ ಆರೇ ಮೇಲು ಅಂತ ತುಂಬಿದೀರಲ್ಲ, ಮೊತ್ತ ಜಾಸ್ತಿ ಇರೋರಿಂದ ಲಿಸ್ಟ್ ಬರೆದ್ರಾಯ್ತು.”

ದೆನಿತ್ಸಾಳ ಎದೆ ಹಗುರಾಯಿತು. ವಿಹ್ರಾಳ ಮುಖ, ಬೆಕ್ಕುಗಳ ವೆಬ್‌ಸೈಟ್, ಹೊಸ ವರ್ಷ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಆಮೇಲೆ ಕೇಳಿದಳು, “ಅಜ್ಜಿ?”

“ಸ್ತೊಯ್ನಮ್ಮ ಕೊನೆಗೆ ಹೋಗ್ತಾರೆ ಪಾಪ.” ನೆವೆನಾ ಆಂಟಿ ಬಾಗಿಲಿನ ಮೇಲಿನ ಲಿಸ್ಟನ್ನು ಕೀಳಲು ಎದ್ದುಹೋದರು.

ಮೇಜಿನ ಮೇಲೆ ಫಾರಂಗಳ ಕಟ್ಟು ಬಿಚ್ಚಿಕೊಂಡೇ ಇತ್ತು. ದೆನಿತ್ಸಾ ತನ್ನದನ್ನೂ ಅಜ್ಜಿಯದನ್ನೂ ಹುಡುಕಿ ತೆಗೆದು ಪಕ್ಕಪಕ್ಕ ಇಟ್ಟಳು. ಮೊದಲ ಸಲ ಪ್ರಶ್ನೆಗಳನ್ನು ಪೂರ್ತಿ ಓದಿದಳು.

‘ಶುರು ಮಾಡಿದ ಕೆಲಸವನ್ನು ಮುಗಿಯುವವರೆಗೆ ಬಿಡದೆ ಮಾಡುತ್ತೀರಾ?’

ಅವಳು ಬರೆದದ್ದು ಆರು. ಹದಿನಾಲ್ಕು ಬೆಕ್ಕುಗಳಲ್ಲಿ ಐದರ ಫೋಟೊ ತೆಗೆದು, ಉಳಿದವು ಓಡಿಹೋಗುತ್ತವೆ ಎಂದು ಬಿಟ್ಟಿದ್ದಳು. ಅಜ್ಜಿ ಬರೆದದ್ದು ಎರಡು. ಅಜ್ಜಿ ನಿನ್ನೆ ಒಂದೇ ಸ್ಟೂಲಿನಲ್ಲಿ ಕೂತು ಎರಡು ಮೂಟೆ ಸುಲಿದಿದ್ದಳು. ಎರಡು ಯಾಕೆ ಹಾಕಿಕೊಂಡಳು?

‘ಗೊತ್ತಾಗದಿದ್ದರೆ ಸಂಕೋಚವಿಲ್ಲದೆ ಕೇಳುತ್ತೀರಾ?’

ಅವಳದ್ದು ಆರು. ಫಾರಂ ತುಂಬುವಾಗ ಎಂಟನೆಯ ಪ್ರಶ್ನೆಯ ಒಂದು ಪದ ಅವಳಿಗೆ ಅರ್ಥವಾಗಿರಲಿಲ್ಲ. ಕೇಳಿದರೆ ಬೇರೆಯವರು ನಕ್ಕಾರೆಂದು ಆರು ಬರೆದು ಮುಂದೆ ಹೋಗಿದ್ದಳು. ಅಜ್ಜಿ ಅದೇ ಪ್ರಶ್ನೆಗೆ ಎದ್ದು ಹೋಗಿ ನೆವೆನಾ ಆಂಟಿಯನ್ನು ಕೇಳಿ ಬಂದದ್ದು ಈಗ ನೆನಪಾಯಿತು.

‘ನೀವು ವಿಳಾಸ ಟೈಪ್ ಮಾಡಿದ ಮೇಲೆ ವೆಬ್ ಪುಟ ಎಲ್ಲಿಂದ, ಹೇಗೆ ಬರುತ್ತದೆ ಎಂದು ಇನ್ನೊಬ್ಬರಿಗೆ ವಿವರಿಸಬಲ್ಲಿರಾ?’

ಅವಳದ್ದು ಆರು. ದೆನಿತ್ಸಾ ಮನಸ್ಸಿನಲ್ಲೇ ವಿವರಿಸಲು ನೋಡಿದಳು. ಫೋನಿನಿಂದ ವೈಫೈ ಡಬ್ಬಿಗೆ ಹೋಗುತ್ತದೆ. ಡಬ್ಬಿಯಿಂದ ಗೋಡೆಯ ತೂತಿನಲ್ಲಿರುವ ವೈರಿಗೆ. ಆಮೇಲೆ? ಗೋಡೆಯ ಆಚೆ ಏನಾಗುತ್ತದೆ ಎಂದು ಅವಳು ಯಾವತ್ತೂ ಯೋಚಿಸಿಯೇ ಇರಲಿಲ್ಲ.

ಜರ್ಮನಿಯವರ ಲೆಕ್ಕದಲ್ಲಿ ಆರು ಅಂದರೆ ಸ್ವಲ್ಪವೂ ಬರುವುದಿಲ್ಲ ಎಂದು. ಅವಳ ಕಿವಿ ಬಿಸಿಯಾಯಿತು.

ನೆವೆನಾ ಆಂಟಿ ಹಾಳೆ ಹಿಡಿದುಕೊಂಡು ಬಂದರು. “ಸರಿ, ಮೊದಲನೇ ಹೆಸರು, ದೆನಿತ್ಸಾ—”

“ಆಂಟಿ, ಬರೀಬೇಡಿ.”

“ಯಾಕೆ?”

“ಎಲ್ಲರೂ ಇನ್ನೊಂದ್ಸಲ ತುಂಬಬಹುದಾ? ನಾನು... ಸರಿಯಾಗಿ ಓದಿರ್ಲಿಲ್ಲ.”

ನೆವೆನಾ ಆಂಟಿ ಅವಳನ್ನೇ ನೋಡಿದರು. “ಇನ್ನೊಂದ್ಸಲ ತುಂಬಿದ್ರೆ ನಿಂಗೆ ಸಿಗ್ತದೋ ಇಲ್ವೋ.”

“ಹೂಂ.”

“ಸರಿ, ಈ ಸಲ ಎಲ್ಲರೂ ನಮ್ಮ ಲೆಕ್ಕದಲ್ಲೇ ತುಂಬ್ಲಿ,” ಎಂದರು ನೆವೆನಾ ಆಂಟಿ. ಅಷ್ಟರಲ್ಲಿ ಬಾಗಿಲ ಹತ್ತಿರ ಸದ್ದಾಯಿತು. ಅಜ್ಜಿ. ಪೇಟೆಗೆ ಹೋಗುವಾಗ ಹಾಕುವ ಕಂದು ಕೋಟು, ತಲೆಗೆ ಹೊಸ ಸ್ಕಾರ್ಫು. ಮೊಮ್ಮಗಳನ್ನು ಅಲ್ಲಿ ನೋಡಿ ಒಂದು ಗಳಿಗೆ ನಿಂತಳು.

“ನೆವೆನಾ, ನನ್ನ ಹೆಸರು ತೆಗೆದು...”

“ತೆಗೆಯೋಕೆ ಈಗ ಯಾರ ಹೆಸರೂ ಇಲ್ಲ ಅಜ್ಜಿ,” ಎಂದಳು ದೆನಿತ್ಸಾ. “ಎಲ್ಲರೂ ಮತ್ತೆ ತುಂಬಬೇಕು. ಆರು ಅಂದ್ರೆ ಚೆನ್ನಾಗಿ ಬರುತ್ತೆ ಅಂತ. ನಮ್ಮ ಸ್ಕೂಲಿನ ಹಾಗೇ. ಬಾ, ಕೂತ್ಕೋ.”

ಆದದ್ದನ್ನೆಲ್ಲ ನೆವೆನಾ ಆಂಟಿ ವಿವರಿಸಿದರು. ಅಜ್ಜಿ ಪೂರ್ತಿ ಕೇಳಿಸಿಕೊಂಡು, “ಹಾಗೆ ಹೇಳಿ. ನಂಗೆ ಕೊಟ್ಟಾಗ್ಲೇ ಅನ್ಕೊಂಡೆ,” ಎಂದಳು. ನಗಲು ನೋಡಿದಳು, ನಗು ಅರ್ಧಕ್ಕೇ ನಿಂತಿತು. ಕೋಟಿನ ಗುಂಡಿ ಬಿಚ್ಚದೆಯೇ ಕುರ್ಚಿಯ ತುದಿಯಲ್ಲಿ ಕೂತಳು. ಪೆನ್ನು ತೆಗೆದುಕೊಂಡು ಮೊದಲ ಪ್ರಶ್ನೆಯ ಮುಂದೆ ನಿಧಾನವಾಗಿ ಎರಡು ಎಂದು ಬರೆದಳು.

“ಅಜ್ಜಿ, ಓದಿ ಬರಿ. ಶುರು ಮಾಡಿದ ಕೆಲಸ ಮುಗಿಸ್ತೀರಾ ಅಂತ ಕೇಳಿದಾರೆ. ನಿನ್ನೆ ಎರಡು ಮೂಟೆ ಸುಲಿದೆಯಲ್ಲ?”

“ಅದು ಮೆಣಸಿನಕಾಯಿ ಕಣೇ.”

“ಇಲ್ಲಿ ಕಂಪ್ಯೂಟರ್ ಅಂತ ಬರೆದಿಲ್ಲ. ಕೆಲಸ ಅಂತ ಇದೆ.”

ಅಜ್ಜಿ ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದಳು. “ಅದೂ ಲೆಕ್ಕಕ್ಕೆ ಬರುತ್ತಾ?” ಎಂದು ನೆವೆನಾ ಆಂಟಿಯನ್ನು ಕೇಳಿದಳು.

“ಬರ್ದೆ ಏನಮ್ಮಾ.”

ಅಜ್ಜಿ ಎರಡನ್ನು ಹೊಡೆದುಹಾಕಿದಳು. ಸ್ವಲ್ಪ ಹೊತ್ತು ಯೋಚಿಸಿ ಐದು ಬರೆದಳು. “ಆರು ಜಾಸ್ತಿ ಆಯ್ತು,” ಎಂದು ತನ್ನಷ್ಟಕ್ಕೇ ಹೇಳಿಕೊಂಡಳು. ಆಮೇಲೆ ಕೋಟಿನ ಗುಂಡಿ ಬಿಚ್ಚಿದಳು.

ದೆನಿತ್ಸಾ ತನ್ನ ಹಾಳೆಗೆ ತಿರುಗಿದಳು. ಟೈಪ್ ಮಾಡಲು ಬರುತ್ತದೆಯೇ? ಆರು, ಅದು ನಿಜ. ಕೆಲಸ ಮುಗಿಸುತ್ತೀರಾ? ಮೂರು. ಪುಟ ಎಲ್ಲಿಂದ ಬರುತ್ತದೆ? ಅವಳ ಪೆನ್ನು ತುಂಬಾ ಹೊತ್ತು ಗಾಳಿಯಲ್ಲೇ ನಿಂತಿತು. ಎರಡು ಎಂದು ಬರೆಯುವುದು ಇಷ್ಟು ಕಷ್ಟ ಎಂದು ಅವಳಿಗೆ ಗೊತ್ತಿರಲಿಲ್ಲ. ಅಜ್ಜಿ ಹದಿನೈದು ಸಲ ಬರೆದಿದ್ದಳು.

*

ಉಳಿದವರೆಲ್ಲ ಗುರುವಾರದೊಳಗೆ ಬಂದು ಮತ್ತೆ ತುಂಬಿದರು. ಶುಕ್ರವಾರ ಹೊಸ ಲಿಸ್ಟ್ ಬಂತು. ಅಜ್ಜಿ ಮೊದಲು ಹುಡುಕಿದ್ದು ಮೊಮ್ಮಗಳ ಹೆಸರನ್ನು. ಅದು ಹದಿಮೂರನೆಯದಾಗಿ ಗೆರೆಯ ಕೆಳಗಿತ್ತು. ಪಕ್ಕದಲ್ಲಿ ‘ವಸಂತದ ಬ್ಯಾಚಿಗೆ ಮೊದಲು’ ಎಂದು ಬರೆದಿತ್ತು.

“ವಸಂತ ಅಂದ್ರೆ ಇನ್ನೂ ಐದು ತಿಂಗಳು,” ಎಂದಳು ಅಜ್ಜಿ ಮೆಲ್ಲಗೆ.

“ಗೊತ್ತು. ಮೇಲೆ ನೋಡು. ಹತ್ತನೇದು.”

ಅಜ್ಜಿ ನೋಡಿದಳು. ತನ್ನ ಹೆಸರನ್ನು ಬಾಯಿಬಿಟ್ಟು ಓದಿದಳು, ಪೂರ್ತಿಯಾಗಿ, ಯಾರನ್ನೋ ಕರೆಯುವ ಹಾಗೆ.

ವಿಹ್ರಾ ಹಿಂದಿನಿಂದ ಬಂದು, “ಮತ್ತೆ ನಿಮ್ಮಜ್ಜೀನೇ ಪಾಸಾ?” ಎಂದಳು.

“ಹೂಂ. ಈ ಸಲ ಸರಿಯಾಗೇ ಪಾಸು,” ಎಂದಳು ದೆನಿತ್ಸಾ. ಸುಳ್ಳು ಹೇಳುತ್ತಿದ್ದೇನೆ ಎಂದು ಅವಳಿಗೆ ಅನ್ನಿಸಲಿಲ್ಲ.

ಮುಂದಿನ ಬುಧವಾರ ಸಂಜೆ ಮೊದಲ ಪಾಠ. ದೆನಿತ್ಸಾ ಅಜ್ಜಿಯನ್ನು ಓದುಮನೆಯವರೆಗೆ ಕರೆದುಕೊಂಡು ಬಂದಳು. ಒಳಗೆ ಹನ್ನೆರಡು ಪರದೆಗಳು ಬೆಳಗುತ್ತಿದ್ದವು. ಅಜ್ಜಿ ಹೊಸ ನೋಟ್‌ಬುಕ್ಕನ್ನು ಎದೆಗೆ ಅವಚಿಕೊಂಡು ಹೊಸ್ತಿಲಲ್ಲೇ ನಿಂತಳು.

“ಒಳಗೆ ಹೋಗಿ ಏನು ಕೇಳ್ಲೇ? ನಂಗೆ ಕೇಳೋಕೂ ಗೊತ್ತಿಲ್ಲ.”

ದೆನಿತ್ಸಾ ಯೋಚಿಸಿದಳು.

“ಪುಟ ಎಲ್ಲಿಂದ ಬರುತ್ತೆ ಅಂತ ಕೇಳು. ವೈರು ಗೋಡೆ ದಾಟಿದ ಮೇಲೆ ಏನಾಗುತ್ತೆ ಅಂತ.”

“ಅದು ನಿಂಗೆ ಗೊತ್ತಿರಬೇಕಲ್ಲ?”

“ಗೊತ್ತಿಲ್ಲ ಅಜ್ಜಿ,” ಎಂದಳು ದೆನಿತ್ಸಾ. “ಬರ್ಕೊಂಡು ಬಾ. ಮನೆಗೆ ಬಂದು ನಂಗೆ ಹೇಳಿಕೊಡು.”

ಅಜ್ಜಿ ಅಲ್ಲೇ ಬಾಗಿಲಿಗೆ ಒರಗಿ, ನೋಟ್‌ಬುಕ್ಕಿನ ಮೊದಲ ಪುಟ ತೆರೆದು, ಆ ಪ್ರಶ್ನೆಯನ್ನು ಬರೆದುಕೊಂಡಳು. ಆಮೇಲೆ ಒಳಗೆ ಹೋದಳು.