ಕೊನೆಯವರು ಯಾರು?

"ಕೊನೆಯವರು ಯಾರು?"

ಯಾರೆಲಿಸ್ ಸಂಗೀತ ಶಾಲೆಯ ಗೇಟಿನ ಮುಂದೆ ನಿಂತು ಗಟ್ಟಿಯಾಗಿ ಕೇಳಿದಳು. ಶನಿವಾರ ಬೆಳಗ್ಗೆ ಎಂಟು ಗಂಟೆ. ಅಮ್ಮಂದಿರು, ಅಪ್ಪಂದಿರು, ಇಸ್ತ್ರಿ ಬಟ್ಟೆ ತೊಟ್ಟ ಮಕ್ಕಳು ಬೀದಿ ತುಂಬ ಚೆಲ್ಲಾಪಿಲ್ಲಿಯಾಗಿ ನಿಂತಿದ್ದರು. ನೋಡಿದರೆ ಅದು ಕ್ಯೂ ಅಂತ ಅನ್ನಿಸುವುದೇ ಇಲ್ಲ. ಆದರೆ ಕ್ಯೂಬಾದ ಕಾಮಗ್ವೇ ಊರಿನಲ್ಲಿ ಒಂದು ಬಾಗಿಲ ಮುಂದೆ ನಾಲ್ಕು ಜನ ನಿಂತರೆ ಅದು ಕ್ಯೂ.

"ನಾವೇ ಕಣಮ್ಮ," ಎಂದು ಬೀಸಣಿಗೆ ಹಿಡಿದ ಹೆಂಗಸೊಬ್ಬಳು ಕೈ ಎತ್ತಿದಳು. ಪಕ್ಕದಲ್ಲಿ ಅವಳ ಮಗ ಉಗುರು ಕಚ್ಚುತ್ತಿದ್ದ.

"ನಿಮ್ಮ ಮುಂದೆ ಯಾರು?"

"ಅಗೋ, ಆ ಕೆಂಪು ಟೋಪಿ ಹುಡ್ಗ."

ಯಾರೆಲಿಸ್ ಇಬ್ಬರ ಮುಖವನ್ನೂ ನೆನಪಿಟ್ಟುಕೊಂಡಳು. ಮುಂದಿನವರು ಬೇಸತ್ತು ಮನೆಗೆ ಹೋಗಿಬಿಟ್ಟರೆ? ಅದಕ್ಕೇ ಅವರ ಮುಂದಿನವರೂ ಗೊತ್ತಿರಬೇಕು. ಇಂಥ ವಿಷಯದಲ್ಲಿ ಅವಳು ಪಳಗಿದ ಕೈ. ಹತ್ತು ವರ್ಷಕ್ಕೇ ಇಡೀ ಬೀದಿಗೆ ಕ್ಯೂ ಹಿಡಿಯುವವಳು ಅವಳೇ.

ಅಷ್ಟರಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಅಪ್ಪನ ಜೊತೆ ಬಂದಳು. "ಕೊನೆಯವರು ಯಾರು?"

"ನಾನು. ನನ್ನ ಹಿಂದೆ ನೀನು. ನೆನಪಿಟ್ಕೋ, ನಾನು ಹೋಗಿ ಬರ್ತೀನಿ."

"ಟೆಸ್ಟ್ ಬಿಟ್ಟು ಎಲ್ಲಿಗೇ ಹೋಗ್ತೀಯಾ?"

"ಗ್ಯಾಸ್ ಕ್ಯೂಗೆ. ಆಮೇಲೆ ಬ್ರೆಡ್ ಕ್ಯೂಗೆ."

"ಅಯ್ಯಪ್ಪಾ! ನಂಗೆ ಇದೊಂದಕ್ಕೇ ಭಯ ಆಗ್ತಾ ಇದೆ."

ಯಾರೆಲಿಸ್‌ಗೂ ಭಯವಿತ್ತು. ಆದರೆ ಅವಳಿಗೆ ಅದು ದಿನವೂ ಇದ್ದದ್ದೇ. ಅದಕ್ಕೆ ಟೆಸ್ಟೇ ಆಗಬೇಕೆಂದಿಲ್ಲ, ಯಾರಾದರೂ ಮುಖ ಊದಿಸಿಕೊಂಡರೆ ಸಾಕು. "ಯಾರೆಲಿಸ್, ಕೋಳಿ ಬಂದಿದೆಯಂತೆ, ಸ್ವಲ್ಪ ಜಾಗ ಹಿಡಿಯೇ ಚಿನ್ನಾ" ಎಂದು ಯಾರು ಕೂಗಿದರೂ ಓಡುತ್ತಿದ್ದಳು. ಓಡದಿದ್ದರೆ ಅವರಿಗೆ ಬೇಜಾರಾಗುತ್ತದೆ, ಆಮೇಲೆ ಮಾತೇ ಆಡಿಸುವುದಿಲ್ಲ ಎಂದು ಹೆದರುತ್ತಿದ್ದಳು. ಬೀದಿಯವರಿಗೇನು? ಕೂತಲ್ಲೇ ಕೆಲಸ ಆಗುತ್ತಿತ್ತು. "ಬಂಗಾರದಂಥ ಹುಡ್ಗಿ" ಎಂದು ಹೊಗಳಿ ಒಳಗೆ ಹೋಗುತ್ತಿದ್ದರು. ಹೊಗಳುವುದಕ್ಕೇನು ಖರ್ಚೇ?

ಈ ಟೆಸ್ಟ್ ಮಾತ್ರ ಅವಳ ಸ್ವಂತದ್ದು. ಅವಳು ಕ್ಲಾಸಿನಲ್ಲಿ ಡೆಸ್ಕ್ ಬಡಿಯುವುದನ್ನು ಕೇಳಿ ಸಂಗೀತದ ಓಸ್ವಾಲ್ಡೊ ಮೇಷ್ಟ್ರು ಒಂದು ದಿನ ಬೆತ್ತ ಹಿಡಿದೇ ಬಂದಿದ್ದರು. ಬಂದವರು ಬೈಯಲಿಲ್ಲ. ಬೆತ್ತದಿಂದ ಮೇಜಿನ ಮೇಲೆ ಒಂದು ತಾಳ ಹಾಕಿ, "ಎಲ್ಲಿ, ಹೊಡಿ ನೋಡೋಣ" ಎಂದರು. ಅವಳು ಹಾಗೇ ಹೊಡೆದಳು. ಇನ್ನೂ ಕಷ್ಟದ್ದು ಹಾಕಿದರು. ಅದನ್ನೂ ಹೊಡೆದಳು.

"ಇಡೀ ಕ್ಯೂಬಾ ಹುಡುಕಿದ್ರೂ ಇಂಥ ಕಿವಿ ಸಿಗಲ್ಲ," ಎಂದು ಅವರೇ ಮನೆಗೆ ಬಂದು ಅಮ್ಮನಿಗೆ ಹೇಳಿದರು. "ಸಂಗೀತ ಶಾಲೇಲಿ ಡ್ರಮ್ ಕ್ಲಾಸಿಗೆ ಆರೇ ಆರು ಸೀಟು. ನಾಲ್ಕನೇ ಕ್ಲಾಸಿನವ್ರಿಗೆ ಮಾತ್ರ. ಈ ವರ್ಷ ತಪ್ಪಿದ್ರೆ ತಪ್ತು."

ಅಮ್ಮ ಆಸ್ಪತ್ರೆಯಲ್ಲಿ ನರ್ಸ್. ಶುಕ್ರವಾರ ಸಂಜೆ ಇಪ್ಪತ್ನಾಲ್ಕು ಗಂಟೆಯ ಡ್ಯೂಟಿಗೆ ಹೊರಡುವಾಗ ಮಗಳ ಎರಡೂ ಕೆನ್ನೆ ಹಿಡಿದು ಹೇಳಿದ್ದಳು:

"ನಾಳೆ ನಿಂಗೆ ಒಂದೇ ಒಂದು ಕೆಲ್ಸ. ಬೇರೆ ಯಾರು ಏನೇ ಹೇಳ್ಲಿ, ಕಿವೀಗೆ ಹಾಕ್ಕೋಬೇಡ. ತಿಳೀತಾ?"

"ಹೂಂ ಅಮ್ಮ."

ಅಮ್ಮನ ಬಸ್ಸು ಮೂಲೆ ತಿರುಗಿತೋ ಇಲ್ಲವೋ, ಅಜ್ಜಿ ಕರೆದಳು. ನಾಳೆ ಗ್ಯಾಸ್ ಲಾರಿ ಬರುತ್ತದಂತೆ! ಇಪ್ಪತ್ತು ದಿನದಿಂದ ಮನೆಯಲ್ಲಿ ಇದ್ದಿಲ ಒಲೆ. ಆ ಹೊಗೆಗೆ ಅಜ್ಜಿ ಕೆಮ್ಮಿ ಕೆಮ್ಮಿ ಸೊರಗಿಹೋಗಿದ್ದಳು.

"ಬೆಳಗ್ಗೆ ಬೇಗ ಹೋಗಿ ಜಾಗ ಹಿಡಿದ್ಬಿಡು ಮಗಾ. ಲಾರಿ ಬರೋ ಹೊತ್ಗೆ ನಾನೇ ಬರ್ತೀನಿ. ಟೆಸ್ಟ್‌ಗೇನು, ಬೇಕಾದಷ್ಟು ಟೈಮ್ ಇರತ್ತೆ. ಅಮ್ಮಂಗೆ ಹೇಳ್ಬೇಡ."

ಗೋಡೆಯಾಚೆ ಪಕ್ಕದ ಮನೆಯ ನೆರೇಯ್ದಾ ಅತ್ತೆಯ ಕಿವಿ ನೆಟ್ಟಗೇ ಇತ್ತು. "ಹೆಂಗಿದ್ರೂ ಹೋಗ್ತೀಯಲ್ಲ, ನಂಗೆ ಒಂದು ಬ್ರೆಡ್ ತಂದ್ಬಿಡೇ," ಎಂದು ಬಟ್ಟೆಯ ಚೀಲ ಕೊಟ್ಟೇಬಿಟ್ಟಳು. ಯಾರೆಲಿಸ್ ಇಸಿದುಕೊಂಡಳು. ಇನ್ನೇನು ಮಾಡುತ್ತಾಳೆ?

ಹಾಗಾಗಿ ಆರು ಗಂಟೆಗೇ ಗ್ಯಾಸ್ ಅಂಗಡಿಯ ಮುಂದೆ ಕೊಡೆ ಹಿಡಿದ ತಾತನ ಹಿಂದೆ ಜಾಗ ಹಿಡಿದಿದ್ದಳು. ಎಂಟಕ್ಕೆ ಸಂಗೀತ ಶಾಲೆ. ಇಲ್ಲಿ ಅವಳ ಮುಂದೆ ಹದಿನೈದು ಮಕ್ಕಳು. ಒಬ್ಬೊಬ್ಬರಿಗೆ ಹತ್ತು ನಿಮಿಷ ಅಂದರೂ ಎರಡೂವರೆ ಗಂಟೆ ಆಗುತ್ತದೆ. ಲೆಕ್ಕ ಸರಿಯಾಗಿದೆ ಎಂದುಕೊಂಡು ಓಡಿದಳು.

ಗ್ಯಾಸ್ ಅಂಗಡಿಯ ಹತ್ತಿರ ಲಾರಿ ಆಗಲೇ ಬಂದಿತ್ತು. ಜನ ಖಾಲಿ ಸಿಲಿಂಡರ್‌ಗಳನ್ನು ಒದ್ದು ಉರುಳಿಸುತ್ತಾ ಜಗಳ ಆಡುತ್ತಿದ್ದರು. ಅಜ್ಜಿಯೂ ಏದುಸಿರು ಬಿಡುತ್ತಾ ತಳ್ಳುಗಾಡಿಯ ಜೊತೆ ಬಂದಿದ್ದಳು.

"ಅಜ್ಜೀ, ಆ ಕೊಡೆ ತಾತ ಇದಾರಲ್ಲ, ಅವ್ರ ಹಿಂದೆ ನಾವು."

"ಸಾಕು ಮಗಾ, ಇನ್ನು ನಾನು ನೋಡ್ಕೋತೀನಿ. ನೀನ್ ಓಡು, ಟೆಸ್ಟ್‌ಗೆ ಓಡು!"

ಅವಳು ಓಡಿಯೂ ಓಡಿದಳು. ಎಲ್ಲೂ ನಿಲ್ಲದೆ ಓಡಿದ್ದಿದ್ದರೆ ಎಲ್ಲ ಸರಿಹೋಗುತ್ತಿತ್ತೋ ಏನೋ. ಆದರೆ ದಾರಿಯಲ್ಲಿ ಬೇಕರಿ ಇತ್ತು. ಕೈಯಲ್ಲಿ ನೆರೇಯ್ದಾ ಅತ್ತೆಯ ಚೀಲ ಇತ್ತು.

ಬೇಕರಿಯ ಮುಂದೆ ಐದೇ ಐದು ಜನ. ಬರಿಗೈಲಿ ಹೋದರೆ ನೆರೇಯ್ದಾ ಅತ್ತೆ ಏನನ್ನುತ್ತಾಳೆ? "ಒಂದು ಬ್ರೆಡ್ ತರೋಕೂ ಆಗ್ಲಿಲ್ವಾ?" ಅನ್ನುತ್ತಾಳೆ. ಬಾಗಿಲಲ್ಲಿ ಕೂತು ಹೋಗಿಬರುವವರಿಗೆಲ್ಲ ಹೇಳುತ್ತಾಳೆ. ಯೋಚಿಸಿದಷ್ಟೂ ಯಾರೆಲಿಸ್‌ಗೆ ಆ ಮುಖ ದೊಡ್ಡದಾಗುತ್ತಾ ಹೋಯಿತು. ಐದು ಜನ ತಾನೇ?

"ಕೊನೆಯವರು ಯಾರು?" ಎಂದು ಕೇಳಿ ನಿಂತಳು.

ಎರಡು ಜನ ಮುಗಿಯುವಷ್ಟರಲ್ಲಿ ಕರೆಂಟ್ ಹೋಯಿತು.

"ಒಲೆ ಆರೋಯ್ತು! ಬಂದಾಗ ಬರತ್ತೆ!" ಎಂದು ಒಳಗಿನಿಂದ ಯಾರೋ ಕೂಗಿದರು.

ಆಗಲಾದರೂ ಹೊರಡಬೇಕಿತ್ತು. ಆದರೆ ಇಷ್ಟು ಹೊತ್ತು ನಿಂತದ್ದು ದಂಡ ಆಗುತ್ತದಲ್ಲ ಅನ್ನಿಸಿತು. ಇನ್ನು ಐದು ನಿಮಿಷ ನೋಡುತ್ತೇನೆ ಅಂದುಕೊಂಡಳು. ಆಮೇಲೆ ಇನ್ನೂ ಐದು. ನಿಂತಲ್ಲೇ ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕಿಕೊಂಡಳು.  ಕಾಲು ಮಾತ್ರ ಅಲ್ಲಾಡಲಿಲ್ಲ.

ಹನ್ನೊಂದು ಗಂಟೆಗೆ ಕೊನೆಗೂ ಕರೆಂಟ್ ಬಂತು, ಬ್ರೆಡ್ಡೂ ಸಿಕ್ಕಿತು. ಬಿಸಿ ಬ್ರೆಡ್ಡನ್ನು ಎದೆಗವಚಿಕೊಂಡು ಅವಳು ಓಡಿದಳು.

ಸಂಗೀತ ಶಾಲೆಯ ಮುಂದೆ ಕೆಂಪು ಟೋಪಿ ಇರಲಿಲ್ಲ. ಬೀಸಣಿಗೆಯ ಹೆಂಗಸೂ ಇರಲಿಲ್ಲ. ಎರಡು ಜಡೆಯ ಹುಡುಗಿ ಮಾತ್ರ ಅಪ್ಪನ ಕೈ ಹಿಡಿದು ಹೊರಗೆ ಬರುತ್ತಿದ್ದಳು.

"ಎಲ್ಲಿ ಹಾಳಾಗಿ ಹೋಗಿದ್ಯೇ?" ಎಂದಳು ಅವಳು. "ಅವ್ರು ಕ್ಯೂ ನೋಡ್ಲೇ ಇಲ್ಲ! ಟೀಚರ್ ಲಿಸ್ಟ್ ಹಿಡ್ಕೊಂಡು ಬಂದು ಮನೆತನದ ಹೆಸ್ರಿನ ಅಕ್ಷರ ನೋಡಿ ಕೂಗಿದ್ರು. ಯಾರೆಲಿಸ್ ಅಗ್ವೇರೊ ಅಂದಾಗ ಯಾರೂ ಬರ್ಲಿಲ್ಲ, ಅದು ನೀನೇ ತಾನೆ? ಎರಡನೇ ಹೆಸ್ರೇ ನಿಂದು. ಅವ್ಳು ಈಗ ಬರ್ತಾಳೆ, ನನ್ನ ಮುಂದೆ ಇದಾಳೆ ಅಂದೆ. ಕೇಳ್ಲಿಲ್ಲ."

ಎರಡನೇ ಹೆಸರು! ಅಲ್ಲೇ ನಿಂತಿದ್ದರೆ ಒಂಬತ್ತು ಗಂಟೆಯೊಳಗೆ ಎಲ್ಲ ಮುಗಿದುಹೋಗುತ್ತಿತ್ತು. ಯಾರೆಲಿಸ್ ಒಳಗೆ ನುಗ್ಗಿದಳು. ಕನ್ನಡಕದ ಟೀಚರ್ ಒಬ್ಬರು ಕುರ್ಚಿಗಳನ್ನು ಜೋಡಿಸುತ್ತಿದ್ದರು.

"ಟೀಚರ್, ನಾನು ಅಗ್ವೇರೊ. ನಾನು ಜಾಗ ಹಿಡಿದಿದ್ದೆ. ಬೇಕಾದ್ರೆ ಕೇಳಿ, ಕೆಂಪು ಟೋಪಿ ಹುಡ್ಗ, ಆಮೇಲೆ ಒಬ್ರು ಆಂಟಿ, ಆಮೇಲೆ ನಾನು..."

"ಇದೇನು ಕೋಳಿ ಕ್ಯೂ ಅಂದ್ಕೊಂಡ್ಯಾ, ಜಾಗ ಹಿಡಿದು ಊರು ಸುತ್ತೋಕೆ?" ಎಂದರು ಟೀಚರ್. ಆಮೇಲೆ ಅವಳ ಮುಖ ನೋಡಿ ದನಿ ಇಳಿಸಿದರು. "ನಿನ್ನ ಜೊತೆ ದೊಡ್ಡವ್ರು ಯಾರೂ ಬಂದಿಲ್ವಾ?"

"ಅಮ್ಮ ಡ್ಯೂಟೀಲಿದಾಳೆ. ನಾನ್ ಹೊಡೆದು ತೋರಿಸ್ತೀನಿ ಟೀಚರ್, ಎರಡೇ ನಿಮಿಷ. ಇಲ್ಲೇ, ಈ ಕುರ್ಚಿ ಮೇಲೇ."

"ಪರೀಕ್ಷೆ ಮಾಡೋರು ಪಟ್ಟಿಗೆ ಸಹಿ ಹಾಕಿ ಹೊರಟುಹೋದ್ರಲ್ಲ ಮರಿ. ನನ್ನ ಕೈಲಿ ಏನೂ ಇಲ್ಲ."

ಯಾರೆಲಿಸ್ ಆದರೂ ಹೊಡೆದಳು. ಚೀಲ ಕೆಳಗಿಟ್ಟು, ಕುರ್ಚಿಯ ಮೇಲೆ ಎರಡೂ ಕೈಯಿಂದ ಓಸ್ವಾಲ್ಡೊ ಮೇಷ್ಟ್ರ ಕಷ್ಟದ ತಾಳ ಹೊಡೆದಳು. ಒಂದೂ ತಪ್ಪಲಿಲ್ಲ. ಟೀಚರ್ ಕೊನೆಯವರೆಗೂ ಕೇಳಿದರು. ಆಮೇಲೆ ಕನ್ನಡಕ ತೆಗೆದು ಬಿಳಿ ಅಂಗಿಯ ತುದಿಯಲ್ಲಿ ಒರೆಸುತ್ತಾ, "ಛೆ! ಛೆ!" ಎಂದರು. ಅಷ್ಟೇ.

ನೆರೇಯ್ದಾ ಅತ್ತೆ ಬಾಗಿಲಲ್ಲಿ ತೂಗುಕುರ್ಚಿಯಲ್ಲಿ ಕೂತಿದ್ದಳು.

"ಬ್ರೆಡ್ಡಾ? ಓ, ಇವತ್ತೇ ತಾ ಅಂದಿದ್ನಾ?" ಎಂದಳು ಆಕಳಿಸುತ್ತಾ. "ಅಲ್ಲೆಲ್ಲಾದ್ರೂ ಇಡು ಮಗಾ. ಈಗಷ್ಟೇ ಗೆಣಸು ಬೇಯಿಸ್ಕೊಂಡು ತಿಂದೆ."

ಯಾರೆಲಿಸ್ ಅವಳ ಮುಖವನ್ನೇ ನೋಡುತ್ತಾ ನಿಂತಳು. ಬೆಳಗ್ಗೆ ಅಷ್ಟು ಹೆದರಿಸಿದ ಮುಖ ಇದೇನಾ?

ಸಂಜೆ ಅಮ್ಮ ಬಂದಳು. ಹೊಸ ಗ್ಯಾಸಿನ ಮೇಲೆ ಅಜ್ಜಿ ಕಾಫಿ ಇಟ್ಟಿದ್ದಳು. ಅಮ್ಮ ಚಪ್ಪಲಿ ಬಿಡುವ ಮೊದಲೇ ಕೇಳಿದಳು, "ಹೆಂಗಾಯ್ತು ಚಿನ್ನಾ?"

"ಈ ಸಲ ತುಂಬ ಮಕ್ಳು ಬಂದಿದ್ರಂತೆ ಕಣೇ..." ಎಂದು ಅಜ್ಜಿ ಏನೋ ಹೇಳಲು ಹೊರಟಳು.

"ನಾನು ಟೆಸ್ಟೇ ಕೊಡ್ಲಿಲ್ಲ ಅಮ್ಮ," ಎಂದಳು ಯಾರೆಲಿಸ್. "ಕೂಗಿದಾಗ ನಾನು ಬ್ರೆಡ್ ಕ್ಯೂನಲ್ಲಿದ್ದೆ."

"ಬ್ರೆಡ್ಡಾ? ನಮ್ಗಾ?"

"ನೆರೇಯ್ದಾ ಅತ್ತೆಗೆ. ಅವ್ರಿಗೆ ಬೇಜಾರಾಗತ್ತೆ ಅಂತ."

ಅಮ್ಮ ಗ್ಯಾಸ್ ಒಲೆಯನ್ನು ನೋಡಿದಳು. ಅಜ್ಜಿಯನ್ನು ನೋಡಿದಳು. ಅಜ್ಜಿ ತಲೆ ತಗ್ಗಿಸಿದಳು. ಬೈದಿದ್ದರೆ ಚೆನ್ನಾಗಿತ್ತು. ಅಮ್ಮ ಯೂನಿಫಾರ್ಮಿನಲ್ಲೇ ಮಂಚದ ಮೇಲೆ ಕುಸಿದು, ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡಳು. ಕಾಫಿ ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಯಾರೂ ಏಳಲಿಲ್ಲ.

ಹೊರಗಿನಿಂದ ಎದುರುಮನೆಯ ಕಸಿಲ್ದಾ ಅತ್ತೆಯ ದನಿ ಕೇಳಿತು.

"ಯಾರೆಲಿಸ್! ಮೂಲೆ ಅಂಗ್ಡೀಲಿ ಮೊಟ್ಟೆ ಬಂದಿದೆಯಂತೆ! ಓಡೇ, ನಂಗೊಂದು ಜಾಗ ಹಿಡಿ!"

ಅವಳ ಕಾಲು ಆಗಲೇ ಚಪ್ಪಲಿ ಹುಡುಕುತ್ತಿತ್ತು. ಆದರೆ ಅವಳು ಕಿಟಕಿಯ ಹತ್ತಿರ ಹೋಗಿ ಸರಳು ಹಿಡಿದುಕೊಂಡಳು.

"ಆಗಲ್ಲ ಅತ್ತೆ."

"ಏನಂದೆ? ಕೇಳ್ಲಿಲ್ಲ!"

"ಆಗಲ್ಲ! ನಾನು ಹೋಗಲ್ಲ!"

"ಓ, ಸರಿ ಬಿಡು," ಎಂದಳು ಕಸಿಲ್ದಾ ಅತ್ತೆ. ಪಕ್ಕಕ್ಕೆ ತಿರುಗಿ, "ಏಯ್ ಯೋಸ್ಬೆಲ್, ನೀನ್ ಹೋಗ್ತೀಯೇನೋ?" ಎಂದು ಕೂಗಿದಳು. ಯೋಸ್ಬೆಲ್ ಚೆಂಡು ಬಿಟ್ಟು ಓಡಿದ. ಕಸಿಲ್ದಾ ಅತ್ತೆ ಯಾವುದೋ ಹಾಡು ಗುನುಗುತ್ತಾ ಒಳಗೆ ಹೋದಳು.

ಯಾರೆಲಿಸ್ ಸರಳು ಬಿಡದೆ ಕಾದಳು. ಇನ್ನೇನಾದರೂ ಆಗಬೇಕಿತ್ತು. ಯಾರಾದರೂ ಬೈಯಬೇಕಿತ್ತು, ಬಾಗಿಲು ದಢಾರನೆ ಹಾಕಿಕೊಳ್ಳಬೇಕಿತ್ತು. ಏನೂ ಆಗಲಿಲ್ಲ.

ಇಷ್ಟೇನಾ?

ಬೆಳಗ್ಗೆ ಬ್ರೆಡ್ ತರದಿದ್ದರೂ ಇಷ್ಟೇ ಆಗುತ್ತಿತ್ತು. ಬೆಳಗಿನಿಂದ ಒಂದು ಹನಿಯೂ ಬಾರದ ಅಳು ಆಗ ಬಂತು. ಅವಳು ಕಿಟಕಿಗೆ ಹಣೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.